ಇಪ್ಪತ್ತೆಂಟು ಡಾಲರಿನ ಮಂಗಳವಾರ

ರಾತ್ರಿಯಾದರೆ ಇದೇ ಕುರ್ಚಿಗೆ ಇನ್ನೂರ ನಲವತ್ತು.
ಈಗ ಮಧ್ಯಾಹ್ನ, ಹನ್ನೆರಡೂ ಕಾಲು,
ಎರಡು ಪಾಳಿಯ ನಡುವೆ ಸಿಕ್ಕ ಐವತ್ತು ನಿಮಿಷ.
ಫ್ಲಿಂಡರ್ಸ್ ಲೇನಿನಲ್ಲಿ ಹನ್ನೊಂದು ಮೆಟ್ಟಿಲಿಳಿದರೆ
ಒಂದು ಉದ್ದನೆಯ ಹಲಗೆ, ಎಂಟೇ ಕುರ್ಚಿ.
ಎಂಟು ತುತ್ತು ಸುಶಿ, ಒಂದು ಬಟ್ಟಲು ಸಾರು,
ಇಪ್ಪತ್ತೆಂಟು ಡಾಲರು.

ಟ್ರಾಮ್ ಓಡಿಸುವ ಸಮವಸ್ತ್ರದಲ್ಲೇ ಕೂರುತ್ತೇನೆ.
ಬ್ಯಾಗಿನೊಳಗೆ ಚಿತ್ರಾನ್ನದ ಡಬ್ಬಿ,
ಗಂಡ ಈಚೆಗೆ ಕಲಿತದ್ದು,
ಮಾತು ಬಿಟ್ಟ ನಾದಿನಿಯ ಹಾಗೆ ಬೆವರುತ್ತ ಕೂತಿದೆ.
ಸಂಜೆ ನೋಡೋಣ, ಎನ್ನುತ್ತೇನೆ ಅದಕ್ಕೆ.

ಸೋಮವಾರ ನಾನು ಮೀನು ಮುಟ್ಟುವುದಿಲ್ಲ, ಶನಿವಾರವೂ ಇಲ್ಲ.
ಸೋಮವಾರ ಇವರ ಬಾಗಿಲು ಮುಚ್ಚಿರುತ್ತದೆ,
ಶನಿವಾರ ರೇಟು ಅಟ್ಟ ಹತ್ತಿರುತ್ತದೆ.
ಗಂಗೊಳ್ಳಿಯ ದೇವರಿಗೂ ಮೆಲ್ಬರ್ನಿನ ಅಂಗಡಿಗೂ
ಯಾವಾಗ ಮಾತುಕತೆಯಾಯಿತೋ.

ಇಷ್ಟು ಅಗ್ಗ ಯಾಕೆಂದು ಮೊದಲ ಸಲವೇ ಕೇಳಿದ್ದೆ.
ಅಗ್ಗದ ಮೀನೆಂದರೆ ಕಿವಿರು ಎತ್ತಿ ನೋಡುವ ಊರು ನಮ್ಮದು.
ಕುರಾಮೊಚಿ ಪಕ್ಕದ ಹುಡುಗನತ್ತ ಗಲ್ಲ ಎತ್ತಿದ:
ಮೀನು ಅದೇ, ಅಕ್ಕಿ ಅದೇ,
ಕೈ ಮಾತ್ರ ಹೊಸದು.

ಹುಡುಗ ಥಿಯೆನ್, ಫುಟ್ಸ್‌ಕ್ರೇಯವನು.
ಒಂದು ವರ್ಷ ಅಕ್ಕಿ ತೊಳೆದ.
ಇನ್ನೊಂದು ವರ್ಷ ಬಿಸಿ ಅನ್ನಕ್ಕೆ ಬೀಸಣಿಗೆ ಬೀಸಿದ.
ಈಗ ಅಪ್ಪಣೆಯಾಗಿದೆ, ಹಗಲಿಗೆ ಮಾತ್ರ,
ನಮ್ಮಂಥವರ ಬಾಯಿಗೆ.

ಬೊಂಡಾಸ ಬಂತು, ಹಲ್ಲಿಗೆ ಸಿಕ್ಕೂ ಸಿಗದಂತೆ.
ಸಿಗಡಿ ಬಂತು. ಟ್ಯೂನಾ ಎರಡು ಬಗೆ,
ಒಂದು ದಾಸವಾಳ, ಒಂದು ಅದರ ಮಾಸಿದ ನೆನಪು.
ಕೈಯಲ್ಲೇ ತಿನ್ನಬಹುದು ಇಲ್ಲಿ, ತಿನ್ನಬೇಕಂತೆ;
ಸಂಕೋಚ ಪಡುವ ಸರದಿ ಪಕ್ಕದ ವಕೀಲನದು.

ಐದನೆಯದು ಬಂಗುಡೆ.
ಉಪ್ಪು, ವಿನೆಗರ್, ಬೆನ್ನಿನ ನೀಲಿ ಗೆರೆ ಇದ್ದ ಹಾಗೇ.
ಮೆಣಸು ಹುಳಿಯಲ್ಲಿ ಮುಳುಗದೆ ಇದರ ರುಚಿ ಹೀಗೆಂದು
ನಲವತ್ತಾರು ವರ್ಷ ಯಾರೂ ನನಗೆ ಹೇಳಿರಲಿಲ್ಲ.
ಅತ್ತೆ ಇದ್ದಿದ್ದರೆ ಕೇಳುತ್ತಿದ್ದರು,
ಪಾಪ, ಗ್ಯಾಸು ಮುಗಿದಿತ್ತಾ?

ಎತ್ತಿದೆ. ತುಟಿ ಇನ್ನೊಂದು ಗೇಣು ದೂರ.
ಅನ್ನ ಬಿರಿಯಿತು.
ಅರ್ಧ ಹಲಗೆಯ ಮೇಲೆ, ನಾಲ್ಕು ಅಗುಳು ನನ್ನ ಬ್ಯಾಡ್ಜಿನ ಮೇಲೆ.
ಕುರಾಮೊಚಿಯ ಚಾಕು ನಿಂತಿತು.
ಹುಡುಗನ ಕಿವಿ ಬೆಂದ ಸಿಗಡಿಯಾಯಿತು.

ಸ್ವಾನ್‌ಸ್ಟನ್ ಬೀದಿಯ ತಿರುವು,
ಬೆನ್ನ ಹಿಂದೆ ಪರೀಕ್ಷಕ, ನಾನು ಗಕ್ಕನೆ ಒತ್ತಿದ ಬ್ರೇಕು.
ಮುಂದಿನ ಸೀಟಿನ ಮುದುಕಿಯ ಕಿತ್ತಳೆಯೆಲ್ಲ
ಬಾಗಿಲ ತನಕ ಉರುಳಿದ್ದವು.
ಚೀಲ ನಾನೇ ಸರಿಯಾಗಿ ಹಿಡಿದಿರಲಿಲ್ಲ, ಅಂದಿದ್ದಳು.
ಸುಳ್ಳಿ. ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು,
ಕನ್ನಡಿಯಲ್ಲಿ ನೋಡಿದ್ದೆ.

ಕೈ ನಡುಗಿತು, ಅಂದೆ.
ಬೆಳಗಿನಿಂದ ಹಿಡಿಕೆ ಹಿಡಿದ ಕೈ, ಹೀಗೇ ಆಗುತ್ತದೆ.
ಕುರಾಮೊಚಿ ನಂಬಲಿಲ್ಲ,
ನಂಬಿದವನ ಹಾಗೆ ತಲೆ ಬಾಗಿಸಿದ.
ಬಿದ್ದ ಅಗುಳನ್ನು ಒಂದೊಂದೇ ಹೆಕ್ಕಿ ತಿಂದೆ.
ಅದು ನಾಟಕವಲ್ಲ,
ಎಲೆಯಲ್ಲಿ ಅನ್ನ ಬಿಟ್ಟರೆ ಬೆನ್ನಿಗೆ ಬೀಳುತ್ತಿದ್ದ ಮನೆಯವಳು ನಾನು.

ಆರನೆಯದು ತಡವಾಗಿ ಬಂತು,
ಹೆದರಿದ ಕೈ ಕಟ್ಟಿದ್ದು, ತಂಬಿಟ್ಟಿನಷ್ಟು ಗಟ್ಟಿ.
ಅಗಿದೆ.

ಏಳನೆಯದು
ನಾಲಗೆಯ ಮೇಲೆ ತಾನಾಗಿ ಬಿಚ್ಚಿಕೊಂಡಿತು,
ಕೂದಲಿನ ಗಂಟು ಎಣ್ಣೆಗೆ ಬಿಚ್ಚಿಕೊಳ್ಳುವ ಹಾಗೆ,
ಅಗುಳು ಅಗುಳಾಗಿ, ಮೈಯಷ್ಟೇ ಬೆಚ್ಚಗೆ.
ನಾನು ತಲೆಯೆತ್ತುವಷ್ಟರಲ್ಲಿ
ಹುಡುಗ ಆಚೆ ತಿರುಗಿ
ಎಂಟನೆಯದಕ್ಕೆ ಕೈ ಒದ್ದೆ ಮಾಡಿಕೊಳ್ಳುತ್ತಿದ್ದ.

ಸಂಜೆ ಡಿಪೋದಲ್ಲಿ ಡಬ್ಬಿ ತೆರೆದೆ.
ಉಪ್ಪು ಜಾಸ್ತಿ. ಒಗ್ಗರಣೆಯ ಕಡಲೆಬೇಳೆ ಕರಕಲು.
ಬೆರಳಲ್ಲಿ ಇನ್ನೂ ವಿನೆಗರ್ ವಾಸನೆ.
ಕಡೆಯ ಅಗುಳಿನವರೆಗೂ ತಿಂದು
ಗಂಡನಿಗೆ ಫೋನು ಮಾಡಿ
ಉಪ್ಪು ಜಾಸ್ತಿ, ಅಂದೆ.